ಇಂಜಿನ್ ಆರುವ ತನಕ

ಫೋನಿನಲ್ಲಿ ಎರಡೆರಡು ಸಲ ಹೇಳಿದ್ದೆ:
ನಾವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ.
ಗ್ಲೌಸು ಬಿಚ್ಚಿ, ಕಿವಿಯಂತೆ ಆಚೀಚೆ ಚಾಚಿದ
ಸಿಲಿಂಡರಿನ ಮೇಲೆ ಅಂಗೈ ಇಟ್ಟೆ.
ಬೆಚ್ಚಗಿತ್ತು,
ಯಾರೋ ಈಗತಾನೇ ಎದ್ದು ಹೋದ ಹಾಸಿಗೆಯ ಹಾಗೆ.

ಪುಂತಾ ಅರೇನಾಸಿನ ಜುಲೈ.
ಹತ್ತಾದರೂ ಬೆಳಕಿಗೆ ಬರುವ ಮನಸ್ಸಿಲ್ಲ.
ಬೇಸಗೆಯಿಡೀ ಜನರನ್ನು ಬೀದಿಯಲ್ಲಿ ತಳ್ಳಾಡಿದ ಗಾಳಿ
ಚಳಿಗೆ ಮುದುರಿ ಎಲ್ಲೋ ಮಲಗಿದೆ.

"ದಿನಾ ಬೆಳಗ್ಗೆ ಸ್ಟಾರ್ಟ್ ಮಾಡಿ ಕೂರುತ್ತೇನೆ," ಅಂದ ಜ್ಲಾಟ್ಕೋ ಮರೂಸಿಚ್.
"ಸೊಂಟ ಮುರಿದ ಮೇಲೆ ಓಡಿಸಲು ಆಗುವುದಿಲ್ಲ.
ಇವತ್ತು ಕೈ ಮರೆಯಿತು."
ಮಾರುವವರ ಮಾತು ಹೀಗೇ ಇರುತ್ತದೆ.
ನಂಬಲಿಲ್ಲ.
ನಂಬದೆಯೂ ಇರಲಿಲ್ಲ.

ನಾನು ಜಲಸಂಧಿ ದಾಟಿಸುವ ಫೆರಿಯ ಡೀಸೆಲ್ ರಿಪೇರಿಯವನು.
ಎಡೆಲ್ಮೀರಾ ಕರೆದಳು, ಬಂದೆ.
ನೀರೊಳಗಿನ ಎಮ್ಮೆಗೆ ದಡದಲ್ಲಿ ನಿಂತು ಬೆಲೆ ಕಟ್ಟಬಾರದು
ಅನ್ನುವಷ್ಟು ಮಾತ್ರ ಗೊತ್ತು.
ಮಂಡಿಯೂರಿದೆ.

ಟೈರಿನ ಪಕ್ಕೆಯಲ್ಲಿ ನಾಲ್ಕಂಕಿ:
ಹುಟ್ಟಿದ ವಾರ, ಹುಟ್ಟಿದ ವರ್ಷ.
ಹಲ್ಲು ಗಟ್ಟಿ, ಚರ್ಮ ಮುದಿ.
ಮುಂದಿನ ಫೋರ್ಕಿನ ಸೀಲಿನಲ್ಲಿ ಎಣ್ಣೆಯ ಒಂದು ತೆಳು ಉಂಗುರ.
ಹ್ಯಾಂಡಲನ್ನು ಮೆಲ್ಲಗೆ ತಿರುಗಿಸಿದರೆ
ನಟ್ಟನಡುವೆ ಒಂದು ಸಣ್ಣ ತಡೆ,
ಸುಳ್ಳು ಹೇಳುವ ಮುಂಚೆ ನುಂಗುವ ಉಗುಳಿನಷ್ಟು.
ಎಡ ಪೆಟ್ಟಿಗೆಗೆ ಗೀರು, ಎಡ ಕನ್ನಡಿ ಹೊಸದು.
"ಬಿದ್ದಿದೆ," ಅಂದೆ.
"ಬಿದ್ದಿಲ್ಲ. ನಿಂತಲ್ಲೇ ಮಲಗಿತು. ಗಾಳಿ."
ಈ ಊರಿನಲ್ಲಿ ಅದಕ್ಕೆ ಎದುರುತ್ತರವಿಲ್ಲ.

"ಆರಲಿ, ಕಾಯೋಣ," ಅಂದಳು ಎಡೆಲ್ಮೀರಾ.

ಎರಡು ಗಂಟೆ.
ಅಡುಗೆಮನೆಯ ಒಲೆಗೆ ಬೆನ್ನು ಕೊಟ್ಟು ಕೂತೆವು.
ಮಾತೇ ತುಂಬಿದ ಬುರುಡೆ ಕೈಯಿಂದ ಕೈಗೆ ಸುತ್ತಿತು,
ಒಂದೇ ಕೊಳವೆ, ಮೂರು ಬಾಯಿ.
ಯಾರೂ ಏನೂ ಕೇಳಲಿಲ್ಲ.
ಮೂರನೇ ಸುತ್ತಿಗೆ ಅವನೇ ಶುರುಮಾಡಿದ:
ಇಳಿಜಾರಿನಲ್ಲಿ ಎರಡನೇ ಗೇರು ಒಮ್ಮೊಮ್ಮೆ ಜಾರುತ್ತದೆ.
ಐದನೆಯ ಸುತ್ತಿಗೆ:
ಹಿಂದಿನ ಚಕ್ರದ ಗೇರುಪೆಟ್ಟಿಗೆಯ ಎಣ್ಣೆ
ಮೂರು ವರ್ಷ ಬದಲಿಸಿಲ್ಲ.

ಶೆಡ್ಡಿಗೆ ವಾಪಸು. ಬಿರಡೆ ಬಿಚ್ಚಿ
ತುಸು ಎಣ್ಣೆಯನ್ನು ಜಾಮಿನ ಬಾಟಲಿಯ ಮುಚ್ಚಳಕ್ಕೆ ಇಳಿಸಿದೆ.
ಟಾರ್ಚು ಹಿಡಿದೆ. ಕನ್ನಡಕ ಒರೆಸಿದೆ.
"ಸ್ವಚ್ಛ," ಅಂದೆ.

ಎಡೆಲ್ಮೀರಾ ಮುಚ್ಚಳ ಇಸಿದುಕೊಂಡಳು.
ಹನ್ನೊಂದು ವರ್ಷದಿಂದ ಏಡಿ ಬಿಡಿಸುವ ಕಾರ್ಖಾನೆಯಲ್ಲಿ
ಬಿಳಿ ಮಾಂಸದೊಳಗೆ ಬಿಳಿ ಚಿಪ್ಪಿನ ಚೂರು ಹುಡುಕುವ ಬೆರಳು.
ಗಾಯ ಮಾಗಿ ಮತ್ತೆ ಗಾಯವಾದ ಬೆರಳು.
ಹೆಬ್ಬೆರಳು ತೋರುಬೆರಳ ನಡುವೆ ಎಣ್ಣೆ ತಿಕ್ಕಿದಳು
ಕಣ್ಣು ಬೇರೆಲ್ಲೋ ಇಟ್ಟು.
"ಒಂದಿದೆ."
ಮತ್ತೆ ತಿಕ್ಕಿ, "ಎರಡು."
ಉಗುರಿನ ತುದಿಗೆ ಬಂದವು:
ಮೀನಿನ ಕಣ್ಣಿನ ಪೊರೆಗಿಂತ ತೆಳು ಕಬ್ಬಿಣ.

ಜ್ಲಾಟ್ಕೋ ಊರುಗೋಲು ಬದಲಿಸಿ ನಿಂತ.
ನಲವತ್ತು ಲಕ್ಷ ಪೆಸೋ ಮೂವತ್ತೈದಕ್ಕೆ ಇಳಿಯಿತು,
ಇಳಿಸಿದ್ದು ಅವನೇ. ನಾನು ಬಾಯಿ ತೆರೆದಿರಲಿಲ್ಲ.

ಆಮೇಲೆ ಬೀಗದ ಕೈ.
ಕೆಮ್ಮಿತು. ಇನ್ನೊಮ್ಮೆ ಕೆಮ್ಮಿ ಹಿಡಿಯಿತು.
ಎಡಗಡೆಯಿಂದ ನೀಲಿ ಹೊಗೆ, ಎರಡು ಉಸಿರು,
ಪಕ್ಕದ ಸ್ಟ್ಯಾಂಡಿಗೆ ಒರಗಿ ರಾತ್ರಿ ಕಳೆದ ಗಾಡಿಗೆ ಅಷ್ಟು ಸಹಜ.
ಮೀಟರು ಹದಿನಾಲ್ಕು ವೋಲ್ಟು ತೋರಿಸಿತು.
ಎಲ್ಲಿಗೆ ಹೋಗುತ್ತಾಳೆಂದು ನಾನು ಕೇಳಿಲ್ಲ.
ಇಲ್ಲಿಂದ ಹೋಗುವುದಾದರೆ ಉತ್ತರಕ್ಕೇ ತಾನೆ.

ಕಾಗದಕ್ಕೆ ಸಹಿ ಬಿದ್ದ ಮೇಲೆ
ಟೈರಿನ ಅಂಕಿ ಬರೆದುಕೊಂಡ ಅದೇ ಚೀಟಿ ತೆಗೆದು ಕೇಳಿದಳು:
"ದಿನಾ ಎಷ್ಟು ಹೊತ್ತಿಗೆ ಸ್ಟಾರ್ಟ್ ಮಾಡುತ್ತಿದ್ದಿರಿ?"
"ಎಂಟು ಹತ್ತಕ್ಕೆ."
ಬರೆದುಕೊಂಡಳು.

ಓಡಿಸದೆ ಬರೀ ಸ್ಟಾರ್ಟ್ ಮಾಡಿ ನಿಲ್ಲಿಸುವುದು
ಇಂಜಿನ್ನಿಗೆ ಒಳ್ಳೆಯದಲ್ಲ, ಒಳಗೆ ನೀರು ಕೂರುತ್ತದೆ.
ಹೇಳಬೇಕಿತ್ತು.
ಗ್ಲೌಸು ಹಾಕಿಕೊಂಡೆ.